ಮೊಡೆಮ್ ಬಾಡಿಗೆ ಕಟ್ಟಿ ಸಾಕಾಯ್ತಾ? ಸ್ವಂತ ರೂಟರ್ ತರೋ ಮುಂಚೆ ಇಷ್ಟು ತಿಳ್ಕೊಳ್ಳಿ

ಬಸ್ ಸ್ಟ್ಯಾಂಡ್ ಹತ್ರದ ಒಂದು ಝೆರಾಕ್ಸ್ ಅಂಗಡಿ ಅಂದುಕೊಳ್ಳಿ. ಯಾವುದೋ ಅರ್ಜಿಗೆ ಅವತ್ತೇ ಕೊನೇ ದಿನ, ಬಾಗಿಲಲ್ಲಿ ಹತ್ತು ಜನ ನಿಂತಿದ್ದಾರೆ. ಹಿಂದಿನ ರಾತ್ರಿ ಗುಡುಗು ಮಳೆ ಬಂದು ಹೋಗಿದೆ. ಬೆಳಗ್ಗೆ ನೋಡಿದ್ರೆ ಮೊಡೆಮ್‌ನಲ್ಲಿ ಒಂದು ಲೈಟೂ ಇಲ್ಲ. ಕಂಪನಿಗೆ ಫೋನ್ ಮಾಡಿದ್ರೆ "ಸ್ಟಾಕ್ ಬಂದ ಮೇಲೆ ಕೊಡ್ತೀವಿ" ಅನ್ನೋ ಉತ್ತರ. ಮಾಲೀಕರು ಎದುರಿಗಿನ ಮೊಬೈಲ್ ಅಂಗಡಿಗೆ ಹೋಗಿ ಒಂದು ವೈಫೈ ರೂಟರ್ ತರ್ತಾರೆ. ಡಬ್ಬ ಬಿಚ್ಚಿ ಟೆಲಿಫೋನ್ ವೈರ್ ಹಾಕೋಕೆ ಹೋದ್ರೆ ಅದು ಹಿಡಿಯೋದೇ ಇಲ್ಲ. ಡಬ್ಬ ಬಿಚ್ಚಿದ್ದಕ್ಕೆ ಅಂಗಡಿಯವರು ವಾಪಸ್ ತಗೊಳ್ಳೋದೂ ಇಲ್ಲ. ದುಡ್ಡೂ ಹೋಯ್ತು, ಆ ದಿನದ ವ್ಯಾಪಾರವೂ ಹೋಯ್ತು.

ತಾಲೂಕು ಕೇಂದ್ರಗಳಲ್ಲಿ ಈ ಪರಿಸ್ಥಿತಿ ಹೊಸದೇನಲ್ಲ. ಕಂಪನಿ ಕೊಟ್ಟ ಮೊಡೆಮ್ ತೆಗೆದು ಸ್ವಂತದ್ದು ಹಾಕ್ಕೊಳ್ಳೋದು ಕಷ್ಟದ ಕೆಲಸ ಅಲ್ಲ. ಆದ್ರೆ ಯಾವ ಲೈನಿಗೆ ಯಾವ ಪೆಟ್ಟಿಗೆ, ಅದಕ್ಕೆ ಏನೇನು ಮಾಹಿತಿ ಬೇಕು, ಹಳೇದನ್ನ ಏನು ಮಾಡ್ಬೇಕು ಅನ್ನೋದು ಮೊದಲೇ ಗೊತ್ತಿರಬೇಕು. ಅದರ ಪೂರ್ತಿ ವಿವರ ಇಲ್ಲಿದೆ.

ಮೊದಲು ನಿಮ್ಮ ಲೈನ್ ಯಾವುದು ನೋಡ್ಕೊಳ್ಳಿ

ಅಂಗಡಿ ಅಥವಾ ಮನೆಗೆ ಬರೋ ಇಂಟರ್ನೆಟ್ ವೈರ್ ಸಾಮಾನ್ಯವಾಗಿ ಮೂರು ತರ ಇರುತ್ತೆ.

ಒಂದನೇದು ಹಳೇ ಲ್ಯಾಂಡ್‌ಲೈನ್‌ನ ತಾಮ್ರದ ವೈರ್. ತುದಿಯಲ್ಲಿ ಟೆಲಿಫೋನಿಗೆ ಹಾಕೋ ಚಿಕ್ಕ ಪಿನ್ ಇರುತ್ತೆ. ಇದೇ ಡಿಎಸ್‌ಎಲ್ ಲೈನ್. ಬಿಎಸ್‌ಎನ್‌ಎಲ್ 2005ರಲ್ಲಿ 'ಡೇಟಾಒನ್' ಹೆಸರಲ್ಲಿ ಶುರು ಮಾಡಿದ ಬ್ರಾಡ್‌ಬ್ಯಾಂಡ್ ಈ ವೈರಿನಲ್ಲೇ ಬಂತು. ಫೈಬರ್ ಬಂದಮೇಲೆ ಇದು ಕಡಿಮೆ ಆಗ್ತಾ ಬಂದಿದ್ರೂ ಇನ್ನೂ ಇದನ್ನೇ ಇಟ್ಕೊಂಡವರು ಇದ್ದಾರೆ.

ಎರಡನೇದು ಫೈಬರ್. ತೆಳ್ಳಗಿನ ಕೇಬಲ್, ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕಾಕಾರದ ಕನೆಕ್ಟರ್. ಇದು ಹೋಗಿ ಸೇರೋ ಪೆಟ್ಟಿಗೆಗೆ ಒಎನ್‌ಟಿ ಅಂತಾರೆ. ಬಾಯಿಮಾತಲ್ಲಿ ಎಲ್ಲರೂ ಮೊಡೆಮ್ ಅಂತಲೇ ಕರೀತಾರೆ.

ಮೂರನೇದು ಲ್ಯಾನ್ ಕೇಬಲ್. ಕೆಲವು ಕಡೆ ಸ್ಥಳೀಯ ಕೇಬಲ್ ಆಪರೇಟರ್‌ಗಳು ಕಂಬದ ಮೇಲಿನ ಡಬ್ಬದಿಂದ ನೇರವಾಗಿ ಲ್ಯಾನ್ ಕೇಬಲ್ ಎಳೆದು ಕೊಟ್ಟಿರ್ತಾರೆ. ಅದರ ಪಿನ್ ಟೆಲಿಫೋನ್ ಪಿನ್‌ಗಿಂತ ಅಗಲ.

ಮೂರಕ್ಕೂ ಬೇಕಾಗೋ ಪೆಟ್ಟಿಗೆ ಬೇರೆ ಬೇರೆ. ಅಂಗಡಿಯಲ್ಲಿ "ಒಂದು ರೂಟರ್ ಕೊಡಿ" ಅಂದ್ರೆ ಸಾಮಾನ್ಯವಾಗಿ ಕೈಗೆ ಸಿಗೋದು ಲ್ಯಾನ್ ಕೇಬಲ್ ಹಿಡಿಯೋ ವೈಫೈ ರೂಟರ್. ಅದರ ಹಿಂದೆ 'ವ್ಯಾನ್' ಅಂತ ಬರೆದಿರೋ ತೂತು ಇರುತ್ತೆ, ಟೆಲಿಫೋನ್ ಪಿನ್ ಹಿಡಿಯೋ ತೂತು ಇರಲ್ಲ. ಝೆರಾಕ್ಸ್ ಅಂಗಡಿಯವರಿಗೆ ಆದದ್ದು ಇದೇ. ತಾಮ್ರದ ಲೈನಿಗೆ 'ಎಡಿಎಸ್‌ಎಲ್ ಮೊಡೆಮ್ ರೂಟರ್' ಅಂತಲೇ ಕೇಳಬೇಕು. ಡಬ್ಬದ ಮೇಲೆ 'ಎಡಿಎಸ್‌ಎಲ್2+' ಅಂತ, ಪೆಟ್ಟಿಗೆ ಹಿಂದೆ 'ಡಿಎಸ್‌ಎಲ್' ಅಥವಾ 'ಲೈನ್' ಅಂತ ಬರೆದಿದೆಯಾ ನೋಡ್ಕೊಂಡೇ ದುಡ್ಡು ಕೊಡಿ.

ಸ್ವಂತದ್ದು ಹಾಕಿದ್ರೆ ಲಾಭ ಏನು?

ಮೊದಲನೇದು ಬಾಡಿಗೆ. ಬಿಲ್ಲನ್ನ ಪೂರ್ತಿ ಓದಿ. ಪ್ಲಾನ್ ಮೊತ್ತದ ಕೆಳಗೆ ಮೊಡೆಮ್ ಬಾಡಿಗೆ ಅಂತ ಬೇರೆ ಸಾಲು ಇದೆಯಾ ನೋಡಿ. ಉದಾಹರಣೆಗೆ ತಿಂಗಳಿಗೆ 80 ರೂಪಾಯಿ ಬಾಡಿಗೆ ಅಂದುಕೊಂಡ್ರೆ ಐದು ವರ್ಷಕ್ಕೆ 4,800 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದ್ರೆ 5,664 ರೂಪಾಯಿ. ಇಷ್ಟು ಕಟ್ಟಿದ ಮೇಲೂ ಮೊಡೆಮ್ ನಿಮ್ಮದಾಗಲ್ಲ. ಬಿಲ್ಲಿನಲ್ಲಿ ಬಾಡಿಗೆ ಸಾಲೇ ಇಲ್ಲ ಅಂದ್ರೆ ಈ ಉಳಿತಾಯದ ಲೆಕ್ಕ ನಿಮಗೆ ಅನ್ವಯಿಸಲ್ಲ.

ಎರಡನೇದು ಭದ್ರತೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೊಡೆಮ್‌ಗಳು ಮಾಲ್‌ವೇರ್ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದ್ದವು. ಅದರಲ್ಲಿ ಕರ್ನಾಟಕದ ಗ್ರಾಹಕರೂ ಇದ್ರು. ಮೊಡೆಮ್ ಜತೆ ಬಂದ 'ಅಡ್ಮಿನ್' ಅನ್ನೋ ಪಾಸ್‌ವರ್ಡನ್ನ ಬದಲಾಯಿಸದೇ ಇದ್ದದ್ದೇ ಆಗ ಮುಖ್ಯ ತೊಂದರೆ ಆಗಿತ್ತು. ಹತ್ತು ವರ್ಷ ಹಳೇ ಮೊಡೆಮ್‌ಗಳಿಗೆ ಅದನ್ನ ತಯಾರಿಸಿದವರು ಸಾಫ್ಟ್‌ವೇರ್ ಅಪ್‌ಡೇಟ್ ಕೊಡೋದನ್ನ ನಿಲ್ಲಿಸಿರ್ತಾರೆ. ದಿನಾ ಬ್ಯಾಂಕ್ ವ್ಯವಹಾರ, ಜನರ ಆಧಾರ್ ನಂಬರ್, ಅರ್ಜಿ ಕೆಲಸ ಮಾಡೋ ಅಂಗಡಿಗೆ ಅದು ಒಳ್ಳೇದಲ್ಲ.

ಮೂರನೇದು ಕೈಯಲ್ಲಿರೋ ಹಿಡಿತ. ಕೆಟ್ಟರೆ ಯಾರನ್ನೂ ಕಾಯಬೇಕಾಗಿಲ್ಲ. ಗಿರಾಕಿಗಳಿಗೆ ಬೇರೆ ವೈಫೈ, ಅಂಗಡಿ ಕಂಪ್ಯೂಟರಿಗೆ ಬೇರೆ ವೈಫೈ ಮಾಡ್ಕೋಬಹುದು.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಹೊಸ ರೂಟರ್ ಹಾಕಿದ ಮಾತ್ರಕ್ಕೆ ಲೈನಿನ ಸ್ಪೀಡ್ ಜಾಸ್ತಿ ಆಗಲ್ಲ. ತಾಮ್ರದ ಲೈನಿನಲ್ಲಿ ಸ್ಪೀಡ್ ನಿರ್ಧಾರ ಆಗೋದು ಎಕ್ಸ್‌ಚೇಂಜಿನಿಂದ ನಿಮ್ಮ ಅಂಗಡಿಗೆ ಎಷ್ಟು ದೂರ, ನಡುವಿನ ಜಾಯಿಂಟುಗಳು ಹೇಗಿವೆ ಅನ್ನೋದರ ಮೇಲೆ. ಎಡಿಎಸ್‌ಎಲ್2+ ಹೆಚ್ಚು ಅಂದ್ರೆ 24 ಎಂಬಿಪಿಎಸ್ ಕೊಡಬಲ್ಲದು, ಅದೂ ಎಕ್ಸ್‌ಚೇಂಜ್ ಹತ್ರ ಇದ್ದವರಿಗೆ. ಮೂರು ಕಿಲೋಮೀಟರ್ ದಾಟಿದ್ರೆ ಅದರ ಅರ್ಧವೂ ಬರಲ್ಲ. ಐದು ಕಿಲೋಮೀಟರ್ ಆಚೆ ಇದ್ರೆ ಲೈನ್ ನಿಲ್ಲೋದೇ ಕಷ್ಟ.

ಹಳೇ ಮೊಡೆಮ್ ಕೀಳೋ ಮುಂಚೆ ಬರೆದಿಟ್ಟುಕೊಳ್ಳಿ

ಹೆಚ್ಚಿನವರು ಎಡವೋದು ಇಲ್ಲೇ. ಹಳೇ ಮೊಡೆಮ್ ಇನ್ನೂ ಕೆಲಸ ಮಾಡ್ತಿರುವಾಗಲೇ ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ.

1. ಇಂಟರ್ನೆಟ್ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಇದು ವೈಫೈ ಪಾಸ್‌ವರ್ಡ್ ಅಲ್ಲ. ಮೊಡೆಮ್ ಕಂಪನಿಯ ಸರ್ವರಿಗೆ ಲಾಗಿನ್ ಆಗೋಕೆ ಬಳಸೋ ಗುರುತು. ಈ ಪದ್ಧತಿಗೆ ಪಿಪಿಪಿಒಇ ಅಂತಾರೆ. ಯೂಸರ್‌ನೇಮಲ್ಲಿ @ ಗುರುತು ಇದ್ರೆ ಅದರ ಮುಂದಿನ ಭಾಗವೂ ಸೇರಿಸಿ ಬರ್ಕೊಳ್ಳಿ. ಪಾಸ್‌ವರ್ಡ್ ಮರೆತಿದ್ರೆ ಕಸ್ಟಮರ್ ಕೇರ್ ಅಥವಾ ಎಕ್ಸ್‌ಚೇಂಜಿಗೆ ಹೇಳಿ ರೀಸೆಟ್ ಮಾಡಿಸಿ. ಹಳೇ ಮೊಡೆಮ್‌ನ ಪರದೆಯಲ್ಲಿ ಅದು ಚುಕ್ಕೆಗಳಾಗಿ ಮಾತ್ರ ಕಾಣುತ್ತೆ.

2. ತಾಮ್ರದ ಲೈನ್ ಆಗಿದ್ರೆ ವಿಪಿಐ, ವಿಸಿಐ ಅನ್ನೋ ಎರಡು ಸಂಖ್ಯೆ. ಬಿಎಸ್‌ಎನ್‌ಎಲ್ ಡಿಎಸ್‌ಎಲ್‌ನಲ್ಲಿ ಸಾಮಾನ್ಯವಾಗಿ ಇವು 0 ಮತ್ತು 35. ಜತೆಗೆ 'ಎನ್‌ಕ್ಯಾಪ್ಸುಲೇಷನ್' ಅನ್ನೋ ಕಡೆ ಎಲ್‌ಎಲ್‌ಸಿ ಅಂತ ಇರುತ್ತೆ.

3. ಫೈಬರ್ ಆಗಿದ್ರೆ ವಿಲ್ಯಾನ್ ನಂಬರ್. ಇದು ಊರಿಂದ ಊರಿಗೆ ಬೇರೆ ಇರುತ್ತೆ. ಪಕ್ಕದ ತಾಲೂಕಿನವರ ನಂಬರ್ ನಿಮಗೆ ಕೆಲಸಕ್ಕೆ ಬರಲ್ಲ.

4. ಈಗಿನ ವೈಫೈ ಹೆಸರು, ಪಾಸ್‌ವರ್ಡ್.

5. ಸಿಸಿ ಕ್ಯಾಮೆರಾವನ್ನ ಮೊಬೈಲಲ್ಲಿ ನೋಡೋ ವ್ಯವಸ್ಥೆ ಇದ್ರೆ, ಅದಕ್ಕೆ ಮೊಡೆಮ್‌ನಲ್ಲಿ ತೆರೆದಿಟ್ಟಿರೋ ಪೋರ್ಟ್ ನಂಬರ್.

ಇದನ್ನೆಲ್ಲ ನೋಡೋಕೆ ಮೊಡೆಮ್‌ಗೆ ಕನೆಕ್ಟ್ ಆಗಿರೋ ಕಂಪ್ಯೂಟರ್ ಅಥವಾ ಮೊಬೈಲ್‌ನ ಬ್ರೌಸರಲ್ಲಿ 192.168.1.1 ಅಂತ ಟೈಪ್ ಮಾಡಿ. ಅದು ತೆಗೆಯದಿದ್ರೆ ಮೊಡೆಮ್‌ನ ತಳದಲ್ಲಿ ಅಂಟಿಸಿರೋ ಚೀಟಿ ನೋಡಿ. ಒಂದೊಂದು ಪುಟಕ್ಕೂ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಂಡ್ರೆ ಇನ್ನೂ ಸುಲಭ.

ತಾಮ್ರದ ಲೈನಿಗೆ ಹೊಸ ರೂಟರ್ ಹಾಕೋ ಕ್ರಮ

ಮೊದಲು ಸ್ಪ್ಲಿಟ್ಟರ್ ನೋಡಿ. ಗೋಡೆಯಿಂದ ಬರೋ ವೈರನ್ನ ಎರಡು ಮಾಡಿ, ಒಂದನ್ನ ಫೋನಿಗೆ, ಇನ್ನೊಂದನ್ನ ಮೊಡೆಮ್‌ಗೆ ಕೊಡೋ ಪುಟ್ಟ ಡಬ್ಬ ಅದು. ಮಾತಿನ ಧ್ವನಿ 4 ಕಿಲೋಹರ್ಟ್ಸ್ ಒಳಗೆ ಹೋಗುತ್ತೆ, ಇಂಟರ್ನೆಟ್ ಅದಕ್ಕಿಂತ ಬಹಳ ಮೇಲಿನ ತರಂಗದಲ್ಲಿ ಹೋಗುತ್ತೆ. ಎರಡನ್ನೂ ಬೇರೆ ಮಾಡೋದೇ ಸ್ಪ್ಲಿಟ್ಟರ್ ಕೆಲಸ. ಅದಿಲ್ಲದೆ ಫೋನನ್ನ ನೇರವಾಗಿ ಲೈನಿಗೆ ಹಾಕಿದ್ರೆ ಫೋನಲ್ಲಿ ಗೊರಗೊರ ಸದ್ದು, ರಿಂಗ್ ಆದಾಗೆಲ್ಲ ಇಂಟರ್ನೆಟ್ ಕಟ್. ಪ್ಯಾರಲಲ್ ಫೋನ್ ಇದ್ರೆ ಅದನ್ನೂ ಸ್ಪ್ಲಿಟ್ಟರ್‌ನ ಫೋನ್ ಕಡೆಯಿಂದಲೇ ಎಳೀಬೇಕು.

ಹಳೇ ಮೊಡೆಮ್ ಆಫ್ ಮಾಡಿ, ಸ್ಪ್ಲಿಟ್ಟರ್‌ನ ಮೊಡೆಮ್ ಕಡೆಯ ವೈರನ್ನ ಹೊಸ ರೂಟರಿನ ಡಿಎಸ್‌ಎಲ್ ತೂತಿಗೆ ಹಾಕಿ. ಪವರ್ ಕೊಡೋವಾಗ ಹೊಸ ರೂಟರ್ ಜತೆ ಬಂದ ಅಡಾಪ್ಟರನ್ನೇ ಬಳಸಿ. ಹಳೇದು 12 ವೋಲ್ಟ್, ಹೊಸದು 9 ವೋಲ್ಟ್ ಇದ್ರೂ ಪಿನ್ ಮಾತ್ರ ಒಂದೇ ತರ ಕಾಣುತ್ತೆ. ಅದಲುಬದಲಾದ್ರೆ ರೂಟರ್ ಸುಟ್ಟೇ ಹೋಗಬಹುದು.

ಡಿಎಸ್‌ಎಲ್ ಲೈಟ್ ಮೊದಲು ಮಿಣಮಿಣ ಅನ್ನುತ್ತೆ, ಎರಡು ಮೂರು ನಿಮಿಷದಲ್ಲಿ ನಿಂತು ಉರಿಯುತ್ತೆ. ಅಂದ್ರೆ ಎಕ್ಸ್‌ಚೇಂಜಿನ ಜತೆ ಸಂಪರ್ಕ ಸಿಕ್ತು ಅಂತ ಅರ್ಥ. ಅದು ಮಿನುಗ್ತಾನೇ ಇದ್ರೆ ತೊಂದರೆ ವೈರಿನಲ್ಲಿದೆ, ಸೆಟ್ಟಿಂಗ್‌ನಲ್ಲಿ ಅಲ್ಲ.

ಆಮೇಲೆ ಬ್ರೌಸರಲ್ಲಿ ರೂಟರಿನ ಪುಟ ತೆಗೆದು, 'ಕ್ವಿಕ್ ಸೆಟಪ್'ನಲ್ಲಿ ಪಿಪಿಪಿಒಇ ಆರಿಸಿ ಯೂಸರ್‌ನೇಮ್, ಪಾಸ್‌ವರ್ಡ್, ವಿಪಿಐ, ವಿಸಿಐ ತುಂಬಿ ಸೇವ್ ಮಾಡಿ. ಇಂಟರ್ನೆಟ್ ಲೈಟ್ ಹಸಿರಾದ್ರೆ ಕೆಲಸ ಮುಗೀತು. ಡಿಎಸ್‌ಎಲ್ ಲೈಟ್ ನಿಂತು ಉರಿದು, ಇಂಟರ್ನೆಟ್ ಲೈಟ್ ಮಾತ್ರ ಕೆಂಪಾಗಿದ್ರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪಿರೋ ಸಾಧ್ಯತೆ ಜಾಸ್ತಿ. ಕೆಲವು ವೆಬ್‌ಸೈಟ್ ತೆಗೆದು ಕೆಲವು ತೆಗೆಯದೇ ಇದ್ರೆ 'ಎಂಟಿಯು' ಅನ್ನೋ ಕಡೆ 1492 ಅಂತ ಇದೆಯಾ ನೋಡಿ.

ರೂಟರಿನ 'ಸ್ಟೇಟಸ್' ಪುಟದಲ್ಲಿ ಎರಡು ಅಂಕಿ ಗಮನಿಸಿ. 'ಎಸ್‌ಎನ್‌ಆರ್ ಮಾರ್ಜಿನ್' ಹತ್ತಕ್ಕಿಂತ ಮೇಲಿದ್ರೆ ಲೈನ್ ಗಟ್ಟಿ ಇದೆ, ಆರಕ್ಕಿಂತ ಕೆಳಗಿದ್ರೆ ಪದೇಪದೇ ಕಟ್ ಆಗುತ್ತೆ. 'ಲೈನ್ ಅಟೆನ್ಯುಯೇಷನ್' ಕಡಿಮೆ ಇದ್ದಷ್ಟೂ ಒಳ್ಳೇದು. ಅದು ಐವತ್ತು ಅರವತ್ತರ ಹತ್ರ ಬಂದ್ರೆ ದೂರ ಜಾಸ್ತಿ ಆಯ್ತು ಅಥವಾ ಜಾಯಿಂಟ್ ಹಾಳಾಗಿದೆ ಅಂತ ತಿಳೀಬಹುದು. ಲೈನ್‌ಮನ್‌ಗೆ "ನೆಟ್ ಸ್ಲೋ ಇದೆ" ಅನ್ನೋದರ ಬದಲು ಈ ಅಂಕಿ ತೋರಿಸಿದ್ರೆ ಕೆಲಸ ಬೇಗ ಆಗುತ್ತೆ.

ಫೈಬರ್ ಇದ್ರೆ ಒಎನ್‌ಟಿ ಮುಟ್ಟಬೇಡಿ

ಫೈಬರ್ ಗ್ರಾಹಕರ ಲೆಕ್ಕವೇ ಬೇರೆ. ಒಂದು ಫೈಬರ್ ಎಳೆಯನ್ನ ಹಲವು ಮನೆ, ಅಂಗಡಿಗಳಿಗೆ ಹಂಚಿರ್ತಾರೆ. ಯಾವ ಒಎನ್‌ಟಿ ಯಾರದ್ದು ಅಂತ ಎಕ್ಸ್‌ಚೇಂಜಿನ ಯಂತ್ರ ಗುರುತಿಸೋದು ಅದರ ಸೀರಿಯಲ್ ನಂಬರ್ ಅಥವಾ ಮ್ಯಾಕ್ ವಿಳಾಸದ ಮೇಲೆ. ಹೊಸ ಒಎನ್‌ಟಿ ತಂದು ಚುಚ್ಚಿದ ಮಾತ್ರಕ್ಕೆ ಅದು ನಡೆಯಲ್ಲ. ಆ ನಂಬರನ್ನ ಕಂಪನಿಯವರು ತಮ್ಮ ಕಡೆ ಸೇರಿಸಬೇಕು. ಅಲ್ಲದೆ ಜಿಪಾನ್, ಇಪಾನ್ ಅಂತ ಎರಡು ಪದ್ಧತಿ ಇವೆ. ಎಕ್ಸ್‌ಚೇಂಜಿನಲ್ಲಿ ಜಿಪಾನ್ ಯಂತ್ರ ಇದ್ದು ನೀವು ಇಪಾನ್ ಮಾತ್ರ ಹಿಡಿಯೋ ಪೆಟ್ಟಿಗೆ ತಂದ್ರೆ ಕೆಲಸ ಮಾಡಲ್ಲ. ಎರಡಕ್ಕೂ ಆಗೋ ಪೆಟ್ಟಿಗೆಗಳನ್ನ 'ಎಕ್ಸ್‌ಪಾನ್' ಅಂತ ಮಾರ್ತಾರೆ.

ಫೈಬರ್ ಲೈನಿನಲ್ಲಿ ಲ್ಯಾಂಡ್‌ಲೈನ್ ಫೋನೂ ಒಎನ್‌ಟಿಯಿಂದಲೇ ಬರುತ್ತೆ. ಅದನ್ನ ಬದಲಾಯಿಸಿದ್ರೆ ಇಂಟರ್ನೆಟ್ ಬಂದ್ರೂ ಫೋನ್ ಸತ್ತು ಹೋಗಬಹುದು. ಹಾಗಾಗಿ ಫೈಬರ್ ಇರೋರಿಗೆ ಸುಲಭ ದಾರಿ ಅಂದ್ರೆ ಒಎನ್‌ಟಿ ಹಾಗೇ ಇರಲಿ, ಅದರ ಲ್ಯಾನ್ ತೂತಿನಿಂದ ಒಂದು ಕೇಬಲ್ ಎಳೆದು ಸ್ವಂತ ವೈಫೈ ರೂಟರಿನ ವ್ಯಾನ್ ತೂತಿಗೆ ಹಾಕಿ. ಇದಕ್ಕೆ ಮೊಬೈಲ್ ಅಂಗಡಿಯಲ್ಲಿ ಸಿಗೋ ಮಾಮೂಲಿ ರೂಟರೇ ಸಾಕು. ಇನ್ನೂ ಅಚ್ಚುಕಟ್ಟಾಗಿ ಬೇಕು ಅಂದ್ರೆ ಒಎನ್‌ಟಿಯನ್ನ 'ಬ್ರಿಡ್ಜ್ ಮೋಡ್'ಗೆ ಹಾಕಿಸಿ, ಪಿಪಿಪಿಒಇ ಲಾಗಿನ್ ಅನ್ನ ನಿಮ್ಮ ರೂಟರಿನಲ್ಲಿ ತುಂಬಬಹುದು. ಡಿಎಸ್‌ಎಲ್ ಮೊಡೆಮ್ ಇರೋರೂ ಹೀಗೆ ಮಾಡಬಹುದು. ಡಬ್ಬ ಬಿಚ್ಚಿ ಸಿಕ್ಕಿಹಾಕ್ಕೊಂಡ ಮಾಮೂಲಿ ರೂಟರ್ ಮನೇಲಿದ್ರೆ ಅದು ದಂಡವಾಗಲ್ಲ, ಕೆಲಸ ಮಾಡೋ ಡಿಎಸ್‌ಎಲ್ ಮೊಡೆಮ್ ಒಂದಿದ್ರೆ ಅದರ ಹಿಂದೆ ಹಾಕ್ಕೊಳ್ಳಿ.

ಒಎನ್‌ಟಿಯಲ್ಲಿ 'ಲಾಸ್' ಲೈಟ್ ಕೆಂಪಾದ್ರೆ ಫೈಬರ್ ತುಂಡಾಗಿದೆ ಅಥವಾ ಬಗ್ಗಿ ಬೆಳಕು ಬರ್ತಿಲ್ಲ ಅಂತ ಅರ್ಥ. ಆಗ ರೂಟರ್ ಬದಲಾಯಿಸಿ ಪ್ರಯೋಜನ ಇಲ್ಲ. ಫೈಬರ್ ತುದಿಯನ್ನ ಬಿಚ್ಚಿ ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಬರೋ ಬೆಳಕು ಕಣ್ಣಿಗೆ ಕಾಣಲ್ಲ, ಆದ್ರೆ ಅದು ಲೇಸರ್. ಹಸಿರು ಕನೆಕ್ಟರ್ ಜಾಗಕ್ಕೆ ನೀಲಿ ಕನೆಕ್ಟರ್ ಸೇರಿಸೋದೂ ಬೇಡ, ಸಿಗ್ನಲ್ ಬಿದ್ದುಹೋಗುತ್ತೆ.

ಕೇಬಲ್ ಆಪರೇಟರ್‌ಗಳ ಲ್ಯಾನ್ ಲೈನ್ ಇದ್ರೆ ಒಂದು ತೊಡಕು ಬರಬಹುದು. ಕೆಲವರು ಹಳೇ ರೂಟರಿನ ಮ್ಯಾಕ್ ವಿಳಾಸವನ್ನ ನಿಮ್ಮ ಖಾತೆಗೆ ಕಟ್ಟಿರ್ತಾರೆ. ಹೊಸದು ಹಾಕಿದಾಗ ಕನೆಕ್ಟ್ ಆಗದಿದ್ರೆ ಅವರಿಗೆ ಫೋನ್ ಮಾಡಿ ಹೊಸ ಮ್ಯಾಕ್ ವಿಳಾಸ ಸೇರಿಸಿಕೊಳ್ಳೋಕೆ ಹೇಳಿ.

ಅಂಗಡಿ ಕೆಲಸ ನಿಲ್ಲಬಾರದು ಅಂದ್ರೆ

ಹೊಸ ರೂಟರಿಗೂ ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಇಡಿ. ಅಕ್ಷರ ದೊಡ್ಡದು ಚಿಕ್ಕದು ಕೂಡ ಹಾಗೇ ಇರಲಿ. ಆಗ ಸ್ವೈಪಿಂಗ್ ಮಷೀನ್, ಪ್ರಿಂಟರ್, ಕ್ಯಾಮೆರಾ, ಮೊಬೈಲ್ ಎಲ್ಲವೂ ತಾವಾಗೇ ಕನೆಕ್ಟ್ ಆಗ್ತವೆ. ಹಳೇ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಾಗಿದ್ರೆ ಮಾತ್ರ ಇದೇ ಸಮಯ ಅಂತ ಬದಲಾಯಿಸಿ, ಒಂದೊಂದಾಗಿ ಎಲ್ಲದಕ್ಕೂ ಹೊಸದನ್ನ ಕೊಡಿ.

ಹಳೇ ಮೊಡೆಮ್‌ನ ವಿಳಾಸ 192.168.1.1 ಇದ್ರೆ ಹೊಸದಕ್ಕೂ ಅದನ್ನೇ ಇಟ್ಕೊಳ್ಳಿ. ಬೇರೆ ಸರಣಿ ಇಟ್ರೆ ವಿಳಾಸ ಖಾಯಂ ಮಾಡಿಟ್ಟ ಪ್ರಿಂಟರ್, ಡಿವಿಆರ್ ಸಿಗದೇ ಹೋಗ್ತವೆ. ಆದ್ರೆ ಒಎನ್‌ಟಿ ಹಿಂದೆ ಎರಡನೇ ರೂಟರ್ ಹಾಕೋರು, ಒಎನ್‌ಟಿ ಬ್ರಿಡ್ಜ್ ಮೋಡ್‌ನಲ್ಲಿ ಇಲ್ಲದಿದ್ರೆ, ಎರಡಕ್ಕೂ ಒಂದೇ ಸರಣಿ ಇಡಬಾರದು. ಒಂದು 192.168.1.1 ಇದ್ರೆ ಇನ್ನೊಂದು 192.168.2.1 ಇರಲಿ.

ಭದ್ರತೆಗೆ ಮೂರು ಕೆಲಸ ಅದೇ ದಿನ ಮುಗಿಸಿ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. 'ರಿಮೋಟ್ ಮ್ಯಾನೇಜ್‌ಮೆಂಟ್' ಆಫ್ ಮಾಡಿ. ವೈಫೈ ಭದ್ರತೆ 'ಡಬ್ಲ್ಯುಪಿಎ2' ಅಥವಾ ಅದಕ್ಕಿಂತ ಹೊಸದು ಇರಲಿ. ಗಿರಾಕಿಗಳಿಗೆ ವೈಫೈ ಕೊಡೋದಾದ್ರೆ 'ಗೆಸ್ಟ್ ನೆಟ್‌ವರ್ಕ್' ಮಾಡಿ ಕೊಡಿ. ನಿಮ್ಮ ಲೈನಿಂದ ಯಾರಾದ್ರೂ ತಪ್ಪು ಕೆಲಸ ಮಾಡಿದ್ರೆ ಪೊಲೀಸರು ಮೊದಲು ಕೇಳೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರನ್ನೇ.

ಬದಲಾವಣೆಗೆ ಸಂತೆ ದಿನ, ತಿಂಗಳ ಮೊದಲ ವಾರ ಬೇಡ. ಅಂಗಡಿ ರಜೆ ಇರೋ ದಿನ ಅಥವಾ ಸಂಜೆ ಬಾಗಿಲು ಹಾಕಿದ ಮೇಲೆ ಮಾಡಿ. ಒಂದು ವಾರ ಹೊಸದು ಸರಿಯಾಗಿ ನಡೆಯೋವರೆಗೂ ಹಳೇದನ್ನ ಎತ್ತಿಟ್ಟಿರಿ.

ಸಿಡಿಲಿಗೆ ಮದ್ದು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊಡೆಮ್ ಸುಡೋದು ಜಾಸ್ತಿ. ತಾಮ್ರದ ಲೈನ್ ಇರೋರು ಕರೆಂಟ್ ಪ್ಲಗ್ ಮಾತ್ರ ಕಿತ್ತರೆ ಸಾಲದು, ಟೆಲಿಫೋನ್ ವೈರೂ ಕೀಳಬೇಕು. ಕಂಬದಿಂದ ಕಂಬಕ್ಕೆ ಬರೋ ವೈರಿನಲ್ಲೇ ಸಿಡಿಲಿನ ಹೊಡೆತ ಒಳಗೆ ಬರುತ್ತೆ. ಫೈಬರ್ ಗಾಜಿನದ್ದಾದ್ರಿಂದ ಅದರಲ್ಲಿ ಕರೆಂಟ್ ಹರಿಯಲ್ಲ, ಆದ್ರೆ ಅಡಾಪ್ಟರ್ ಮೂಲಕ ಬರಬಹುದು. ಕೇಬಲ್ ಜತೆ ಬಿಗಿಯೋಕೆ ಕಬ್ಬಿಣದ ತಂತಿ ಇದ್ರೆ ಅದನ್ನ ಗೋಡೆ ಹೊರಗೇ ನಿಲ್ಲಿಸಬೇಕು. ಸಂಜೆ ಬಾಗಿಲು ಹಾಕೋವಾಗ ಶಟರ್ ಬೀಗದ ಜತೆ ಇದನ್ನೂ ಅಭ್ಯಾಸ ಮಾಡ್ಕೊಂಡ್ರೆ ಒಳ್ಳೇದು. ಸಿಸಿ ಕ್ಯಾಮೆರಾಗೆ ನೆಟ್ ಬೇಕು ಅನ್ನೋರು ಮೋಡ ಕಟ್ಟಿದ ದಿನ ಮಾತ್ರ ಕೀಳಬಹುದು.

ಹಳೇ ಮೊಡೆಮ್ ವಾಪಸ್ ಕೊಟ್ಟು ರಸೀದಿ ತಗೊಳ್ಳಿ

ಎಲ್ಲಕ್ಕಿಂತ ಮುಖ್ಯ ಇದು. ಸ್ವಂತ ರೂಟರ್ ಹಾಕಿ, ಬಾಡಿಗೆ ಮೊಡೆಮನ್ನ ಅಟ್ಟದ ಮೇಲೆ ಇಟ್ಟು ಸುಮ್ಮನಾದ್ರೆ ಬಾಡಿಗೆ ನಿಲ್ಲಲ್ಲ, ಬಿಲ್ಲಿನಲ್ಲಿ ಬರ್ತಾನೇ ಇರುತ್ತೆ. ಮೊಡೆಮ್, ಅಡಾಪ್ಟರ್, ಸ್ಪ್ಲಿಟ್ಟರ್‌ನಲ್ಲಿ ಕಂಪನಿಯದ್ದು ಯಾವುದೋ ಅದನ್ನೆಲ್ಲ ತಗೊಂಡು ಕಸ್ಟಮರ್ ಸರ್ವಿಸ್ ಸೆಂಟರಿಗೆ ಹೋಗಿ. ಫೋನ್ ನಂಬರ್, ಮೊಡೆಮ್‌ನ ಸೀರಿಯಲ್ ನಂಬರ್ ಬರೆದು "ಈ ದಿನದಿಂದ ಬಾಡಿಗೆ ನಿಲ್ಲಿಸಿ" ಅಂತ ಒಂದು ಅರ್ಜಿ ಕೊಡಿ. ಸೀಲ್ ಹಾಕಿಸಿದ ಒಂದು ಪ್ರತಿ ನಿಮ್ಮ ಹತ್ರ ಇರಲಿ. ಲೈನ್‌ಮನ್ ಕೈಯಲ್ಲಿ ಬಾಯಿಮಾತಿಗೆ ಕೊಟ್ಟು ಕಳಿಸಬೇಡಿ. ನಾಳೆ ಕನೆಕ್ಷನ್ ರದ್ದು ಮಾಡಿ ಡೆಪಾಸಿಟ್ ಕೇಳಿದಾಗ ಮೊಡೆಮ್ ಬಂದಿಲ್ಲ ಅಂತ ಹಿಡ್ಕೊಂಡ್ರೆ ತೋರಿಸೋಕೆ ಆ ಚೀಟಿಯೇ ಸಾಕ್ಷಿ.

ಮುಂದಿನ ಎರಡು ಬಿಲ್ ನೋಡಿ. ಬಾಡಿಗೆ ಸಾಲು ಹೋಗಿರಬೇಕು. ಹೋಗಿಲ್ಲ ಅಂದ್ರೆ ಕಸ್ಟಮರ್ ಕೇರಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗೋ ಅವಕಾಶ ಗ್ರಾಹಕರಿಗೆ ಇದೆ.

ಹೊಸ ರೂಟರಿನ ಬಿಲ್ ಕೂಡ ಜೋಪಾನ. ವಾರಂಟಿಗೆ ಅದೇ ಆಧಾರ. ಜಿಎಸ್‌ಟಿ ನೋಂದಣಿ ಇರೋ ಅಂಗಡಿಯವರು ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಂಡ್ರೆ ಕಟ್ಟಿದ ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್‌ನಲ್ಲಿ ಪಡೀಬಹುದು, ಕಾಂಪೋಸಿಷನ್ ಸ್ಕೀಮ್‌ನಲ್ಲಿ ಇರೋರಿಗೆ ಇದು ಸಿಗಲ್ಲ.

ಕೊನೆಗೆ ಒಂದು ಲೆಕ್ಕ

ತಾಮ್ರದ ಲೈನ್ ಇದ್ದು, ನಿಮ್ಮ ಬೀದಿಗೆ ಈಗಾಗಲೇ ಫೈಬರ್ ಬಂದಿದ್ರೆ ಹೊಸ ಡಿಎಸ್‌ಎಲ್ ರೂಟರಿಗೆ ದುಡ್ಡು ಹಾಕೋ ಮುಂಚೆ ಎರಡು ಸಲ ಯೋಚಿಸಿ. ನಾಳೆ ಫೈಬರಿಗೆ ಬದಲಾದ್ರೆ ಡಿಎಸ್‌ಎಲ್ ತೂತು ಉಪಯೋಗಕ್ಕೆ ಬರಲ್ಲ. ತಗೊಳ್ಳಲೇಬೇಕು ಅಂದ್ರೆ ಡಿಎಸ್‌ಎಲ್ ಮತ್ತು ವ್ಯಾನ್ ಎರಡೂ ಇರೋ ರೂಟರ್ ಕೇಳಿ. ಇವತ್ತು ತಾಮ್ರಕ್ಕೂ ಆಗುತ್ತೆ, ನಾಳೆ ಒಎನ್‌ಟಿ ಹಿಂದೆಯೂ ನಡೆಯುತ್ತೆ. ಫೈಬರ್ ಇನ್ನೂ ಬಾರದ ಹೋಬಳಿ, ಹಳ್ಳಿಗಳಲ್ಲಿ ತಾಮ್ರದ ಲೈನ್ ಗಟ್ಟಿಯಾಗಿದ್ರೆ ಸ್ವಂತ ರೂಟರ್ ಹಾಕ್ಕೊಳ್ಳೋದರಲ್ಲಿ ನಷ್ಟ ಇಲ್ಲ.

ಅಂಗಡಿಗೆ ಹೋಗೋವಾಗ ಗೋಡೆಯಿಂದ ಬರೋ ವೈರಿನ ಪಿನ್, ಹಳೇ ಮೊಡೆಮ್‌ನ ಹಿಂಭಾಗ, ಎರಡರದ್ದೂ ಫೋಟೋ ಮೊಬೈಲಲ್ಲಿ ಇರಲಿ. ಅಂಗಡಿಯವರಿಗೆ ಅದನ್ನ ತೋರಿಸಿ, ಹಿಡಿಯುತ್ತೆ ಅಂತ ಖಾತ್ರಿ ಮಾಡ್ಕೊಂಡ ಮೇಲೆಯೇ ಡಬ್ಬ ಬಿಚ್ಚಿಸಿ.